ಪಕ್ಕದಲ್ಲೇ ವಂಡರ್‌ಲಾ, ಆದ್ರೆ ಹೋಗೋದು ಯಾವಾಗ? ರಜೆ, ಮಳೆ, ಕೂಲಿ ಲೆಕ್ಕ ಇಲ್ಲಿದೆ

ಬಿಡದಿ: ದಸರಾ ರಜೆ ಹತ್ತಿರ ಬಂತು ಅಂದ್ರೆ ಸಾಕು, ಮನೆಮನೆಯಲ್ಲೂ ಮಕ್ಕಳದ್ದು ಒಂದೇ ಹಠ: ವಂಡರ್‌ಲಾ. 2005ರಲ್ಲಿ ಬಿಡದಿ ಬಳಿ ಶುರುವಾದ ಈ ಪಾರ್ಕ್‌ಗೆ ಬೆಂಗಳೂರಿನವರು ಮೊದಲೇ ದಿನ ನೋಡಿ, ಟಿಕೆಟ್ ಬುಕ್ ಮಾಡಿ ಬರ್ತಾರೆ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯವರು 'ಪಕ್ಕದಲ್ಲೇ ಇದೆಯಲ್ಲ, ಯಾವಾಗಾದ್ರೂ ಹೋದ್ರಾಯ್ತು' ಅಂತ ಮುಂದಕ್ಕೆ ಹಾಕಿ, ಕೊನೆಗೆ ಹೋಗೋದು ಜಾಸ್ತಿ ರಶ್ ಇರೋ ಭಾನುವಾರವೇ.

ಇದರಿಂದ ನಷ್ಟ ಎರಡು ಕಡೆ. ವಾರದ ದಿನಕ್ಕಿಂತ ವಾರಾಂತ್ಯದಲ್ಲಿ ಟಿಕೆಟ್ ದರ ಹೆಚ್ಚು, ಹಬ್ಬ-ರಜೆ ಸೀಸನ್‌ನಲ್ಲಿ ಇನ್ನೂ ಹೆಚ್ಚು. ಅಷ್ಟು ಕೊಟ್ಟು ಒಳಗೆ ಹೋದ ಮೇಲೆ ಕ್ಯೂನಲ್ಲೇ ಹೊತ್ತು ಹೋಗುತ್ತೆ. ಹೆಚ್ಚು ದುಡ್ಡು, ಕಡಿಮೆ ಆಟ.

ಯಾವ ತಿಂಗಳು ಹೇಗೆ?

ಏಪ್ರಿಲ್-ಮೇ ಬೇಸಿಗೆ ರಜೆ. ನೀರಿನ ಆಟಕ್ಕೆ ಬಿಸಿಲು ಹೇಳಿ ಮಾಡಿಸಿದಂಗಿದೆ, ಆದ್ರೆ ಎಲ್ಲ ಶಾಲೆಗೂ ಆಗಲೇ ರಜೆ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು, ಜೊತೆಗೆ ಕ್ರಿಸ್‌ಮಸ್, ಹೊಸ ವರ್ಷದ ಜನ. ಆಗ ಚಳಿಯೂ ಇರುತ್ತೆ, ಚಿಕ್ಕ ಮಕ್ಕಳು ಬೇಗ ನಡುಗ್ತಾರೆ.

ಜನ ಕಡಿಮೆ ಇರೋದು ಜೂನ್ ಮಧ್ಯದಿಂದ ಜುಲೈವರೆಗೆ, ವಾರದ ನಡುವೆ. ಶಾಲೆ ಶುರುವಾಗಿರುತ್ತೆ. 'ಮಳೆಗಾಲ ಅಲ್ವಾ' ಅನ್ನೋರು ಒಂದು ವಿಷಯ ಗಮನಿಸಬೇಕು. ಮುಂಗಾರು ಪಶ್ಚಿಮ ಘಟ್ಟದಲ್ಲಿ ಸುರಿದು ಈ ಕಡೆ ಬರೋ ಹೊತ್ತಿಗೆ ಹೆಚ್ಚಾಗಿ ಜಿಟಿಜಿಟಿ ಮಳೆಯಷ್ಟೇ. ಇಲ್ಲಿ ದೊಡ್ಡ ಮಳೆ ಬರೋದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಬಳಿ ಹೆದ್ದಾರಿಯೇ ಮುಳುಗಿದ್ದನ್ನು ಜನ ಮರೆತಿಲ್ಲ.

ಅಗ್ಗದ ದಿನ ಎಲ್ಲರಿಗೂ ಅಗ್ಗವಲ್ಲ

ಹಾಗಾದ್ರೆ ಜುಲೈ ಬುಧವಾರ ಹೋಗಿಬಿಡಿ ಅಂತ ಹೇಳೋದು ಸುಲಭ. ಆದ್ರೆ ರೇಷ್ಮೆ ನೂಲು ಬಿಚ್ಚೋ ಘಟಕದಲ್ಲೋ, ಗಾರ್ಮೆಂಟ್ಸ್‌ನಲ್ಲೋ ದುಡಿಯೋ ಮನೆಯ ಲೆಕ್ಕ ಬೇರೆ. ಉದಾಹರಣೆಗೆ, ಗಂಡ-ಹೆಂಡತಿ ಇಬ್ಬರದ್ದೂ ದಿನಗೂಲಿ ತಲಾ 600 ರೂಪಾಯಿ ಅಂದ್ಕೊಳ್ಳಿ. ವಾರದ ದಿನ ಹೋಗಿದ್ದಕ್ಕೆ ಟಿಕೆಟ್‌ನಲ್ಲಿ ಒಬ್ಬರಿಗೆ 250 ಉಳಿದ್ರೂ ನಾಲ್ಕು ಜನಕ್ಕೆ ಉಳಿಯೋದು 1,000. ಕೂಲಿ ಹೋಗೋದು 1,200. ಮೇಲೆ ಮಕ್ಕಳ ಹಾಜರಿಯೂ ಹೋಯ್ತು. ಸಂಬಳ ಸಹಿತ ರಜೆ ಇರೋರಿಗೆ ಮಾತ್ರ ಬುಧವಾರ ಅಗ್ಗ.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮೇಲೆ ವಾರದ ನಡುವೆ ರಜೆ ಸಿಗೋರಿಗೆ ಈ ಲೆಕ್ಕ ಕೂಡಿ ಬರುತ್ತೆ. ಉಳಿದವರಿಗೆ ಒಂದು ಸಂದಿ ಇದೆ: ವಿಜಯದಶಮಿ ಕಳೆದ ನಂತರದ ವಾರದ ದಿನಗಳು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದಸರಾ ರಜೆ ಸಾಮಾನ್ಯವಾಗಿ ಹಬ್ಬ ಮುಗಿದ ಮೇಲೂ ಕೆಲ ದಿನ ಇರುತ್ತೆ. ಬೆಂಗಳೂರಿನ ಆಫೀಸುಗಳು, ಅನೇಕ ಸಿಬಿಎಸ್‌ಇ ಶಾಲೆಗಳು ಅಷ್ಟರಲ್ಲಿ ತೆರೆದಿರುತ್ತವೆ. ಮಕ್ಕಳ ಪಾಠ ತಪ್ಪಲ್ಲ, ರಶ್ಶೂ ತಗ್ಗಿರುತ್ತೆ. ತಂದೆ-ತಾಯಿ ಇಬ್ಬರೂ ಕೂಲಿ ಬಿಡೋ ಬದಲು ಒಬ್ಬರು ಹೋದ್ರೆ ಖರ್ಚೂ ಹಿಡಿತದಲ್ಲಿರುತ್ತೆ. ಅಕ್ಟೋಬರ್ ಮಳೆ ಹೆಚ್ಚಾಗಿ ಸಂಜೆ ಕಡೆ ಬರೋದ್ರಿಂದ ಬೆಳಗ್ಗೆ ಗೇಟ್ ತೆರೆದಾಗಲೇ ಒಳಗಿರಬೇಕು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಮಾಡಬಲ್ಲವರು ಶಾಲೆಯವರು. ಜಿಲ್ಲೆಯ ಶಾಲೆಗಳು ಎಲ್ಲರಂತೆ ಡಿಸೆಂಬರ್‌ನಲ್ಲೇ ಕರೆದೊಯ್ಯೋ ಬದಲು ಜುಲೈನ ಒಂದು ಮಂಗಳವಾರ ಆರಿಸಿಕೊಂಡ್ರೆ ಪೋಷಕರ ಕೂಲಿ ತಪ್ಪಲ್ಲ, ಮಕ್ಕಳು ಕ್ಯೂನಲ್ಲಿ ಒಣಗಲ್ಲ. ದೂರದ ಜಿಲ್ಲೆಯವರಿಗೆ ರಾತ್ರಿ ಪ್ರಯಾಣ, ವಸತಿಯ ತಾಪತ್ರಯ. ಇಲ್ಲಿಯವರಿಗೆ ಅದ್ಯಾವುದೂ ಇಲ್ಲ.

ರಸ್ತೆ ಚಿಂತೆ ಬೇಡ

ಎಕ್ಸ್‌ಪ್ರೆಸ್‌ವೇ ಜಾಮ್‌ಗೆ ಹೆದರಿ ಹಿಂದೇಟು ಹಾಕೋರೂ ಇದ್ದಾರೆ. ಶನಿವಾರ ಬೆಳಗ್ಗೆ ವಾಹನ ತುಂಬೋದು ಮೈಸೂರು ಕಡೆಗೆ, ಭಾನುವಾರ ಸಂಜೆ ಬೆಂಗಳೂರು ಕಡೆಗೆ. ರಾಮನಗರದವರು ಎರಡೂ ಸಲ ಎದುರು ದಿಕ್ಕಲ್ಲಿ ಹೋಗ್ತಾರೆ. ಬೈಕ್‌ನವರು ಮಾತ್ರ ಸರ್ವಿಸ್ ರಸ್ತೆ ಹಿಡಿಯಬೇಕು, 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ನಿಷೇಧವಿದೆ. ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಬಿಡದಿವರೆಗೆ ಬರೋ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ.

ಹೋಗುವ ಮುನ್ನ ಗಮನಿಸಿ

- ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85ರಿಂದ 140 ಸೆಂ.ಮೀ. ಇದ್ದರೆ ಮಕ್ಕಳ ದರ. ಆದ್ರೆ 140 ದಾಟದಿದ್ದರೆ ಕೆಲ ದೊಡ್ಡ ರೈಡ್‌ಗಳಿಗೆ ಬಿಡಲ್ಲ. ರೋಲರ್ ಕೋಸ್ಟರ್‌ಗೇ ಆಸೆಪಟ್ಟ ಮಗು 137 ಇದ್ದರೆ ಒಂದು ವರ್ಷ ಕಾಯೋದೇ ಲೇಸು.
- ಕಾಲೇಜು ವಿದ್ಯಾರ್ಥಿಗಳು ಐಡಿ ಕಾರ್ಡ್ ಮರೆಯಬೇಡಿ, ರಿಯಾಯಿತಿ ಕೇಳಿ.
- ನೀರಿನ ಆಟಕ್ಕೆ ನೈಲಾನ್ ಈಜುಡುಗೆ ಬೇಕು, ಕಾಟನ್ ಬಟ್ಟೆಗೆ ಬಿಡಲ್ಲ.
- ಮೋಡ ಇದ್ದ ದಿನ ಎತ್ತರದ ರೈಡ್‌ಗಳನ್ನು ಮೊದಲು ಮುಗಿಸಿ. ಗುಡುಗು-ಮಿಂಚು ಶುರುವಾದ್ರೆ ಅವನ್ನು ನಿಲ್ಲಿಸ್ತಾರೆ.
- ಹೊರಡೋ ಮುಂಚೆ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ಆ ದಿನದ ದರ ಮತ್ತು ಮುಂದಿನ ಎರಡು ದಿನದ ದರ ಹೋಲಿಸಿ ನೋಡಿ.