ತಿನ್ನುವುದು, ಬಿಡುವುದು

ತನ್ನ ಸುತ್ತ ಸಿಗುವ, ದೇಹಕ್ಕೆ ಒಗ್ಗಬಲ್ಲ ವಸ್ತುಗಳಲ್ಲಿ ಕೆಲವನ್ನು ಮಾತ್ರ ಆಹಾರವೆಂದು ಒಪ್ಪಿ ಉಳಿದವನ್ನು ಕೈಬಿಡದ ಸಮಾಜ ಕಾಣಸಿಗುವುದಿಲ್ಲ. ಹಾಗೆ ಕೈಬಿಟ್ಟದ್ದನ್ನು ಬೇರೆಯವರು ತಿನ್ನುವುದನ್ನು ಕಂಡಾಗ ಹುಟ್ಟುವ ಅಸಹ್ಯ ಪ್ರಕೃತಿಯೇ ಕೊಟ್ಟ ಎಚ್ಚರಿಕೆಯೋ, ರೂಢಿ ಬೆಳೆಸಿದ ಭಾವನೆಯೋ ಎಂಬ ಪ್ರಶ್ನೆಯನ್ನು ಬರಿಯ ಕುತೂಹಲದ ವಿಷಯವೆಂದು ಬದಿಗಿಡುವಂತಿಲ್ಲ. ಏಕೆಂದರೆ ಊಟವನ್ನು ನೋಡಿ ಮನುಷ್ಯರ ಮೇಲುಕೀಳನ್ನು ಅಳೆಯುವ ಪರಿಪಾಠ ಇಂದಿಗೂ ಅಳಿದಿಲ್ಲ, ಮತ್ತು ಆ ಪರಿಪಾಠಕ್ಕೆ ಬಲ ಕೊಡುತ್ತಿರುವುದು ಈ ಅಸಹ್ಯವೇ.

ಪ್ರಾಣಿಗಳಲ್ಲಿ ಆಹಾರದ ಆಯ್ಕೆಯನ್ನು ಬಹುಮಟ್ಟಿಗೆ ದೇಹವೇ ಮಾಡುತ್ತದೆ. ಆಸ್ಟ್ರೇಲಿಯಾದ ಕೊವಾಲಾ, ಇತರ ಹೆಚ್ಚಿನ ಪ್ರಾಣಿಗಳಿಗೆ ವಿಷವಾಗುವ ನೀಲಗಿರಿ ಎಲೆಯನ್ನೇ ತಿಂದು ಬದುಕುತ್ತದೆ; ಅದರ ಮರಿ ಹಾಲು ಬಿಟ್ಟು ಎಲೆಗೆ ಹೊರಳುವ ಮೊದಲು ತಾಯಿಯ ಮೆತ್ತನೆಯ ಮಲವನ್ನು ತಿಂದು, ಎಲೆಯನ್ನು ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳನ್ನು ಪಡೆದುಕೊಳ್ಳುತ್ತದೆ. ಬೆಕ್ಕುಗಳಲ್ಲಿ ಸಿಹಿಯನ್ನು ಗ್ರಹಿಸುವ ಜೀನ್ ಕೆಲಸ ಮಾಡದಿರುವುದರಿಂದ ಅವುಗಳಿಗೆ ಸಕ್ಕರೆಯ ರುಚಿಯೇ ತಿಳಿಯದು ಎಂಬುದನ್ನು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆದರೂ ಸಸ್ಯಾಹಾರಿ, ಮಾಂಸಾಹಾರಿ ಎಂಬ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ಕಾಣುವಷ್ಟು ಬಿಗಿಯಾದುದಲ್ಲ. ಪಾಂಡಾ ಮಾಂಸಾಹಾರಿ ಗಣಕ್ಕೆ ಸೇರಿ, ಅವುಗಳಂತೆಯೇ ಗಿಡ್ಡ ಕರುಳನ್ನು ಹೊಂದಿದ್ದರೂ ಬಿದಿರನ್ನು ನೆಚ್ಚಿಕೊಂಡಿದೆ. ಸ್ಕಾಟ್ಲೆಂಡಿನ ರಮ್ ದ್ವೀಪದ ಕೆಂಪು ಜಿಂಕೆಗಳು ಕಡಲಹಕ್ಕಿಯ ಮರಿಗಳನ್ನು ಹಿಡಿದು ಅಗಿಯುವುದು ದಾಖಲಾಗಿದ್ದು, ಮೇವಿನಲ್ಲಿ ಸಾಲದ ಖನಿಜಾಂಶಕ್ಕಾಗಿ ಅವು ಹಾಗೆ ಮಾಡುತ್ತವೆಂದು ಸಂಶೋಧಕರು ಭಾವಿಸುತ್ತಾರೆ. ರಂಜಕದ ಕೊರತೆಯಾದಾಗ ದನಗಳು ಮೂಳೆ ಅಗಿಯುವುದು ಪಶುವೈದ್ಯರಿಗೆ ಚಿರಪರಿಚಿತ.

ಏನನ್ನಾದರೂ ತಿನ್ನಬಲ್ಲ ಜೀವಿಗೆ, ಅಂದರೆ ಸರ್ವಭಕ್ಷಕನಿಗೆ, ದೇಹ ಇಷ್ಟು ಸ್ಪಷ್ಟವಾಗಿ ದಾರಿ ತೋರಿಸುವುದಿಲ್ಲ. ಹೊಸದನ್ನು ಮುಟ್ಟದಿದ್ದರೆ ಹಸಿವು, ಮುಟ್ಟಿದರೆ ವಿಷದ ಭಯ. ವಾಂತಿ ಮಾಡಲಾರದ ಇಲಿ ಹೊಸ ತಿನಿಸನ್ನು ಮೊದಲು ಚೂರೇ ಚೂರು ಕಚ್ಚಿ ನೋಡುತ್ತದೆ, ಇಲ್ಲವೇ ಮತ್ತೊಂದು ಇಲಿಯ ಉಸಿರಿನಲ್ಲಿ ವಾಸನೆ ಹಿಡಿದ ತಿನಿಸನ್ನು ನಂಬಿ ತಿನ್ನುತ್ತದೆ. ಮನುಷ್ಯನೂ ನಂಬುವುದು ತನ್ನವರನ್ನೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯಿದ್ದರೂ ಆ ಇಚ್ಛೆಯೇ ಬಹುಪಾಲು ಪರರಿಂದ ಬಂದದ್ದು: ಬಸುರಿಯಾಗಿದ್ದಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಆಹಾರವನ್ನು ಹೆಚ್ಚು ಇಷ್ಟಪಟ್ಟರೆಂದು ಜೂಲಿ ಮೆನ್ನೆಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ಅಸಹ್ಯವೂ ಹೀಗೆಯೇ ಕಲಿತದ್ದು. ಅಂಬೆಗಾಲಿಡುವ ಮಗು ಮಣ್ಣು, ಹುಳ, ಕಸ ಯಾವುದನ್ನೂ ಬಾಯಿಗೆ ಹಾಕಿಕೊಳ್ಳಲು ಹಿಂಜರಿಯುವುದಿಲ್ಲ. ದೊಡ್ಡವರು 'ಛೀ' ಎಂದು ಕೈ ಹಿಡಿದೆಳೆದು ಅದಕ್ಕೆ ಹೇಸಿಗೆಯನ್ನು ಕಲಿಸುತ್ತಾರೆ. ಕಲಿತ ಮೇಲೆ ಅದು ತರ್ಕಕ್ಕೆ ಬಗ್ಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ನಡೆಸಿದ ಪ್ರಯೋಗದಲ್ಲಿ, ಪೂರ್ತಿಯಾಗಿ ಕ್ರಿಮಿಶುದ್ಧಗೊಳಿಸಿದ ಸತ್ತ ಜಿರಲೆಯನ್ನು ಅದ್ದಿ ತೆಗೆದ ಹಣ್ಣಿನ ರಸವನ್ನು, ಅಪಾಯವಿಲ್ಲವೆಂದು ತಿಳಿದಿದ್ದೂ ಜನ ಒಲ್ಲೆನೆಂದರು. ಡಾರ್ವಿನ್ ತಾನು ತಿನ್ನುತ್ತಿದ್ದ ತಣ್ಣನೆಯ ಮಾಂಸವನ್ನು ಟಿಯೆರಾ ಡೆಲ್ ಫ್ಯೂಗೋ ದ್ವೀಪದ ನಿವಾಸಿಯೊಬ್ಬ ಬೆರಳಿನಿಂದ ಮುಟ್ಟಿ ಅದರ ಮೆತ್ತಗಿನ ಸ್ಪರ್ಶಕ್ಕೆ ಹೇಸಿಕೊಂಡನೆಂದೂ, ಅವನ ಕೈ ಕೊಳಕಾಗಿ ಕಾಣದಿದ್ದರೂ ಅವನು ಮುಟ್ಟಿದ್ದಕ್ಕೆ ತನಗೂ ಹೇಸಿಗೆಯಾಯಿತೆಂದೂ 1872ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮಲೆನಾಡಿನ ಕೆಲವರು ಸವಿಯುವ ಚಗಳಿ ಇರುವೆಯ ಚಟ್ನಿಯ ಹೆಸರು ಕೇಳಿದರೇ ಮುಖ ಸಿಂಡರಿಸುವವರು, ಜೇನುಹುಳ ಮಕರಂದವನ್ನು ನುಂಗಿ ಮತ್ತೆ ಬಾಯಿಗೆ ತಂದು ಮಾಡಿದ ತುಪ್ಪವನ್ನು ಪಂಚಾಮೃತಕ್ಕೆ ಬೆರೆಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಡಿಶಾದ ಮಯೂರ್‌ಭಂಜ್‌ನ ಅಂಥದೇ ಇರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಪರರ ಅಡುಗೆಯನ್ನು ಹೀಗಳೆಯುವುದರಿಂದ ಅದರೊಳಗಿನ ತಿಳಿವಳಿಕೆಯೂ ಕಣ್ಣಿಗೆ ಬೀಳದೆ ಹೋಗುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಹಸಿಯಾಗಿ ತಿಂದರೆ ಗಂಟಲು ತುರಿಸುತ್ತದೆ. ಅದೇ ಎಲೆಗೆ ಅಕ್ಕಿ, ಹುಣಸೆ, ಮೆಣಸು ಸೇರಿಸಿ ಅರೆದ ಹಿಟ್ಟನ್ನು ಬಳಿದು, ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆಯಾಗುತ್ತದೆ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು, ಅದರಿಂದ ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತಿತ್ತು. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ಪದ್ಧತಿಯನ್ನು ಅಲ್ಲಿಯೇ ಬಿಟ್ಟರು. ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ ಚರ್ಮ ಸುಲಿದು, ಭೇದಿ ಹತ್ತಿ, ಬುದ್ಧಿ ಕದಡುವ ಪೆಲಾಗ್ರಾ ರೋಗ ಹರಡಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಗುರುತಿಸಿದ ಈ ರೋಗಕ್ಕೆ ನಯಾಸಿನ್ ಕೊರತೆಯೇ ಕಾರಣವೆಂದು ತಿಳಿಯಲು 1937ರವರೆಗೆ ಕಾಯಬೇಕಾಯಿತು. ಬೆಳೆಯನ್ನು ಪಡೆದವರು ಬೆಳೆದವರ ಅಡುಗೆಮನೆಯನ್ನೂ ಗೌರವದಿಂದ ಕಂಡಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಕೊಳೆತದ್ದನ್ನು ದೂರವಿಡುವ ಹೇಸಿಗೆ ಆರೋಗ್ಯವನ್ನು ಕಾಯುತ್ತದೆ ಎಂಬ ಆಕ್ಷೇಪ ಸರಿಯಾದುದೇ. ಆದರೆ ಅದು ಕೆಟ್ಟ ಪದಾರ್ಥಕ್ಕೆ ಅನ್ವಯಿಸುತ್ತದೆ, ಒಂದು ಸಮುದಾಯ ತಲೆಮಾರುಗಳಿಂದ ತಿಂದು ಅರಗಿಸಿಕೊಂಡ ಆಹಾರಕ್ಕಲ್ಲ. ಅಹಿಂಸೆಯ ಕಾರಣಕ್ಕೆ ಮಾಂಸವನ್ನೋ, ಜೈನರಂತೆ ಗೆಡ್ಡೆಗೆಣಸನ್ನೋ ಬಿಡುವುದು ಬೇರೆಯೇ ವಿಚಾರ. ಅದಕ್ಕೆ ಹೇಸಿಗೆಯ ಆಸರೆ ಬೇಕಿಲ್ಲ, ಅದರ ಹಿಂದೆ ಹೇಳಬಹುದಾದ ಕಾರಣವಿದೆ, ಕಾರಣವಿರುವುದರಿಂದಲೇ ಚರ್ಚೆಗೂ ಅವಕಾಶವಿದೆ. ಬಾಡಿಗೆಗೆ ಮನೆ ಕೊಡುವಾಗ, ವಿದ್ಯಾರ್ಥಿನಿಲಯದಲ್ಲಿ ಪಂಕ್ತಿಯನ್ನು ಬೇರ್ಪಡಿಸುವಾಗ ಇನ್ನೊಬ್ಬರ ಊಟವನ್ನು ತಪ್ಪೆನ್ನುವವರು ಪ್ರಾಣಿಗೆ ಆಗುವ ನೋವನ್ನೋ, ಆರೋಗ್ಯಕ್ಕೆ ಆಗುವ ಕೇಡನ್ನೋ, ನೆಲಜಲಕ್ಕೆ ಬೀಳುವ ಹೊರೆಯನ್ನೋ ತೋರಿಸಿ ವಾದಿಸಲಿ. ವಾಕರಿಕೆ ಬರುತ್ತದೆ ಎನ್ನುವ ಮಾತು ಹೇಳುವವನು ಬೆಳೆದ ಮನೆಯನ್ನು ತಿಳಿಸುತ್ತದೆಯೇ ಹೊರತು, ತಿನ್ನುವವನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.