ವಿಶ್ವವಿದ್ಯಾಲಯದ ಆಯ್ಕೆ: ಹೆಸರು, ವಿಭಾಗ, ಆವರಣ

ಸ್ನಾತಕೋತ್ತರ ವ್ಯಾಸಂಗಕ್ಕೆ ಮೈಸೂರೋ ಧಾರವಾಡವೋ ಎಂಬುದು ಕರ್ನಾಟಕದಲ್ಲಿ ಹಳೆಯ ಪ್ರಶ್ನೆ. ಪದವಿ ಹಂತದಲ್ಲಿ ಅದು ಅಷ್ಟಾಗಿ ಏಳುವುದಿಲ್ಲ. ಕಾಲೇಜು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆಯೋ ಅದರ ಅಂಕಪಟ್ಟಿ ತಾನಾಗಿ ಕೈಸೇರುತ್ತದೆ. ಎಂ.ಎ., ಎಂ.ಎಸ್‌ಸಿ. ಅರ್ಜಿ ತುಂಬುವಾಗ ಮಾತ್ರ ನಿಜವಾದ ಆಯ್ಕೆ ಎದುರಾಗುತ್ತದೆ.

ಎರಡೂ ವಿಶ್ವವಿದ್ಯಾಲಯಗಳ ಹುಟ್ಟು ಬೇರೆ ಬೇರೆ. ಮೈಸೂರಿನದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸ್ಥಾಪನೆಯಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. 1956ರ ಏಕೀಕರಣದಿಂದ ಎರಡೂ ಒಂದೇ ರಾಜ್ಯಕ್ಕೆ ಸೇರಿದರೂ ಹಳೇ ಮೈಸೂರು, ಉತ್ತರ ಕರ್ನಾಟಕ ಎಂಬ ಅಭಿಮಾನ ಉಳಿದುಕೊಂಡಿತು. ಆಯ್ಕೆಯ ಹೊತ್ತಿಗೆ ಮೊದಲು ಬಾಯಿ ಬಿಡುವುದು ಈ ಅಭಿಮಾನವೇ. ಆದರೆ ಎರಡೂ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಡಿ. ಕೆ-ಸೆಟ್, ನೆಟ್ ಅಥವಾ ಸರ್ಕಾರಿ ನೇಮಕಾತಿಯ ಅರ್ಹತೆಗೆ ಇಲ್ಲಿಯ ಪದವಿಗೂ ಅಲ್ಲಿಯ ಪದವಿಗೂ ಒಂದೇ ಬೆಲೆ.

ಹಾಗಾದರೆ ವ್ಯತ್ಯಾಸವನ್ನು ಹುಡುಕಬೇಕಾದದ್ದು ವಿಭಾಗದಲ್ಲಿ. ನ್ಯಾಕ್ ಶ್ರೇಣಿ ಸಿಗುವುದು ಇಡೀ ಸಂಸ್ಥೆಗೆ. ಓದುವವರು ಕೂರುವುದು ಒಂದು ವಿಭಾಗದ ಬೆಂಚಿನ ಮೇಲೆ. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಸಂಶೋಧನೆಯಲ್ಲಿ ಚುರುಕಾಗಿದ್ದರೆ, ಇನ್ನೊಂದರಲ್ಲಿ ನಿವೃತ್ತರ ಜಾಗ ಭರ್ತಿಯಾಗದೆ ಪಾಠವೆಲ್ಲ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿರಬಹುದು. ವಿಷಯಕ್ಕೆ ತಕ್ಕ ಸಂಗ್ರಹ ಇದೆಯೇ ಎಂಬುದೂ ಮುಖ್ಯ. ಸಂಸ್ಕೃತ ಹಸ್ತಪ್ರತಿಗಳನ್ನು ಅಭ್ಯಾಸ ಮಾಡುವವರಿಗೆ ಮೈಸೂರಿನಲ್ಲಿ ಪ್ರಾಚ್ಯ ವಿದ್ಯಾ ಸಂಶೋಧನಾಲಯವಿದೆ. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ದೊರೆತದ್ದು ಅದರ ಭಂಡಾರದಲ್ಲಿ. ಶಾಸನ, ವಚನ ಸಾಹಿತ್ಯದ ಸಂಶೋಧನೆಗೆ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ಬೆಂಬಲವೂ ಎಂ.ಎಂ. ಕಲಬುರ್ಗಿಯಂಥವರು ಬೆಳೆಸಿದ ಪರಂಪರೆಯೂ ಇವೆ. ಹೆಸರಿನ ಮಹಿಮೆ ಸುಳ್ಳಲ್ಲ; ಆದರೆ ಪಿಎಚ್.ಡಿ.ಯಂಥ ಕಡೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಮಾರ್ಗದರ್ಶಕರ ಹೆಸರು.

ವಿಭಾಗದ ನಂತರ ಬರುವುದು ಆವರಣ. ಇದನ್ನು ಅಲಂಕಾರವೆಂದು ತಿಳಿಯುವುದು ತಪ್ಪು. ಕುವೆಂಪು ಹೆಸರಿಟ್ಟ ಮೈಸೂರಿನ ಆವರಣ ಮಾನಸಗಂಗೋತ್ರಿ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿದೆ. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ರೂಪುಗೊಂಡ ಧಾರವಾಡದ ಆವರಣ ಗುಡ್ಡದ ಮೇಲಿದೆ. ಎರಡೂ ಪೇಟೆಯ ಗದ್ದಲದಿಂದ ಸ್ವಲ್ಪ ದೂರ, ಆದರೂ ಪೇಟೆಗೆ ಹತ್ತಿರ. ನಾಲ್ಕು ಸೆಮಿಸ್ಟರುಗಳ ಓದಿನಲ್ಲಿ ತರಗತಿ ನುಂಗುವುದು ದಿನದ ಒಂದು ಪಾಲನ್ನು ಮಾತ್ರ. ಉಳಿದದ್ದು ಗ್ರಂಥಾಲಯ, ಹಾಸ್ಟೆಲು, ಸೀನಿಯರುಗಳಿಂದ ಕೈ ಬದಲಾಗುವ ಕೆ-ಸೆಟ್ ನೋಟ್ಸು, ರಾತ್ರಿಯ ಚರ್ಚೆ. ಎಷ್ಟೋ ಹಾಸ್ಟೆಲುಗಳಲ್ಲಿ ಮೆಸ್ಸಿನ ಲೆಕ್ಕ ವಿದ್ಯಾರ್ಥಿಗಳದೇ: ದಿನಸಿ ತರುವುದು, ಗೈರುಹಾಜರಾದವರ ಊಟ ಕಳೆಯುವುದು, ತಿಂಗಳ ಕೊನೆಗೆ ಖರ್ಚನ್ನು ಎಲ್ಲರಿಗೂ ಹಂಚಿ ಬಿಲ್ಲು ಅಂಟಿಸುವುದು. ಜೋಳದ ರೊಟ್ಟಿಯವರೂ ರಾಗಿ ಮುದ್ದೆಯವರೂ ಒಂದೇ ಮೆನುವಿಗೆ ಒಪ್ಪಬೇಕಾದಾಗ ಪರಸ್ಪರ ಹೊಂದಿಕೊಳ್ಳುವ ಪಾಠ ತಾನಾಗಿ ನಡೆಯುತ್ತದೆ. ಸಂಜೆಯ ಬಸ್ಸು ಹಿಡಿದು ಊರಿಗೆ ಓಡುವವರಿಗೆ ಸೆಮಿನಾರು ಸಿಗುತ್ತದೆ, ಅದರ ನಂತರದ ವಾಗ್ವಾದ ಸಿಗುವುದಿಲ್ಲ. ಜಾತಿಯ, ಊರಿನ ಗುಂಪುಗಾರಿಕೆ ಹಾಸ್ಟೆಲಿನಲ್ಲೂ ಇರುತ್ತದೆ ನಿಜ. ಆದರೆ ಅದನ್ನು ಮೀರಿದ ಸ್ನೇಹಕ್ಕೆ ಅವಕಾಶವೂ ಅಲ್ಲೇ ಹೆಚ್ಚು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಖರ್ಚಿನದು. ಹಾಸ್ಟೆಲು ಸೀಟು ಎಲ್ಲರಿಗೂ ಸಿಗುವುದಿಲ್ಲ; ಸಿಗದಿದ್ದರೆ ಬಾಡಿಗೆ ಕೋಣೆ ಸಾಮಾನ್ಯ ಕುಟುಂಬಕ್ಕೆ ಭಾರ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಹಾಸನ, ಹಾವೇರಿ, ಚಾಮರಾಜನಗರಗಳಲ್ಲಿ ಆರಂಭವಾದ ಹೊಸ ವಿಶ್ವವಿದ್ಯಾಲಯಗಳು ಇಂಥವರಿಗೆ ಹತ್ತಿರದ ದಾರಿ. ಓದು ನಿಲ್ಲುವುದಕ್ಕಿಂತ ಹತ್ತಿರದಲ್ಲಿ ಮುಂದುವರಿಯುವುದು ಮೇಲು. ಅಲ್ಲಿಯೂ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ, ಫಲಿತಾಂಶ ಸಕಾಲಕ್ಕೆ ಬರುತ್ತದೆಯೇ ಎಂದು ವಿಚಾರಿಸಲೇಬೇಕು. ಮೌಲ್ಯಮಾಪನ ತಡವಾದರೆ ಬಿ.ಇಡಿ. ಅಥವಾ ಸಂಶೋಧನೆಯ ಪ್ರವೇಶ ತಪ್ಪಿ ಒಂದು ವರ್ಷವೇ ಹೋಗಬಹುದು.

ಆದ್ದರಿಂದ ಆಯ್ಕೆಯಲ್ಲಿ ಪ್ರಶ್ನೆಗಳ ಕ್ರಮವೇ ಮುಖ್ಯ. ವಿಭಾಗದಲ್ಲಿ ಪಾಠ ಹೇಳುವವರು ಯಾರು ಎಂಬುದು ಮೊದಲು, ಆವರಣದಲ್ಲಿ ಉಳಿಯಲು ಜಾಗವಿದೆಯೇ ಎಂಬುದು ಆಮೇಲೆ, ಖರ್ಚು ಹೊಂದುತ್ತದೆಯೇ ಎಂಬುದು ಮೂರನೆಯದು. ಈ ಮೂರರಲ್ಲೂ ಎರಡು ವಿಶ್ವವಿದ್ಯಾಲಯಗಳು ಸರಿಸಮವಾಗಿ ನಿಂತಾಗ ಮಾತ್ರ ಹೆಸರನ್ನೂ ಪ್ರಾಂತಾಭಿಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.