ಯಂತ್ರಕ್ಕೆ ಸ್ವಾತಿ ಗೊತ್ತಿಲ್ಲ, ನಾವೂ ಮರೆಯಬೇಕೆ?



ಕಂಪ್ಯೂಟರ್ ಕೂಡಿಸಿದ ಟೆಲಿಸ್ಕೋಪು ಈಗ ಜಮಖಂಡಿ, ಮುಧೋಳಕ್ಕೂ ಕೊರಿಯರಿನಲ್ಲಿ ಬರುತ್ತದೆ. ಬೆಲೆ ಹೆಚ್ಚುಕಡಿಮೆ ಒಂದು ಒಳ್ಳೆಯ ಎಮ್ಮೆಯಷ್ಟು. ಗುಂಡಿ ಒತ್ತಿದರೆ ಮೋಟಾರು ತಾನೇ ಕೊಳವೆ ತಿರುಗಿಸಿ ಶನಿಯನ್ನು ತೋರಿಸುತ್ತದೆ ಎಂದು ಜಾಹೀರಾತು ಹೇಳುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ!

ಪೆಟ್ಟಿಗೆಯಿಂದ ತೆಗೆದ ಕೂಡಲೇ ಈ ಯಂತ್ರ ಕುರುಡು. ತಾನು ಯಾವ ಊರಿನಲ್ಲಿ ನಿಂತಿದ್ದೇನೆ, ಈಗ ಗಂಟೆ ಎಷ್ಟು, ಯಾವ ನಕ್ಷತ್ರದ ಕಡೆ ಮುಖ ಮಾಡಿದ್ದೇನೆ ಎಂಬುದು ಅದಕ್ಕೆ ತಿಳಿಯದು. ಅದನ್ನೆಲ್ಲ ನಾವೇ ಹೇಳಿಕೊಡಬೇಕು. ಯಾವ ಭಾಷೆಯಲ್ಲಿ? ಸೆಲೆಸ್ಟ್ರಾನ್ ಕಂಪನಿಯ ನೆಕ್ಸ್‌ಸ್ಟಾರ್ ಪ್ಲಸ್ ಕೈಪೆಟ್ಟಿಗೆಯಲ್ಲಿ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಇವೆ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಕನ್ನಡ ಇಲ್ಲ. ಕೈಪಿಡಿಯೂ ಇಲ್ಲ. ನಮ್ಮ ದುಡ್ಡು ಬೇಕು, ನಮ್ಮ ನುಡಿ ಬೇಡ! ಕರ್ನಾಟಕದಲ್ಲಿ ಮಾರುವ ಅಂಗಡಿಯವರು ಕಡೇಪಕ್ಷ ಎಂಟು ಪುಟದ ಕನ್ನಡ ಕೈಪಿಡಿಯನ್ನಾದರೂ ಪೆಟ್ಟಿಗೆಯಲ್ಲಿ ಇಡಲಿ. ಎಂಟು ಪುಟಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ಪ್ರೆಸ್ ನಡೆಸುವ ನನಗೆ ಗೊತ್ತು. ಅವರ ಲಾಭದಲ್ಲಿ ಅದು ಲೆಕ್ಕಕ್ಕೇ ಬಾರದು.

ಅಷ್ಟರತನಕ ನಮ್ಮ ಹುಡುಗರು ಕೂಡಬೇಕಿಲ್ಲ. ಪಿ.ಯು.ಸಿ. ಓದಿದ ನನ್ನಂಥವನಿಗೆ ತಿಳಿಯುವ ವಿಷಯವೇ ಇದು. ಮುಕ್ಕಾಲಿಯನ್ನು ಗೌಂಡಿಯ ಮಟ್ಟದಿಂದ ಸಮ ಮಾಡಿ ನಿಲ್ಲಿಸಿ. ಊರಿನ ಪಟ್ಟಿಯಲ್ಲಿ ಜಮಖಂಡಿ ಹುಡುಕುತ್ತ ಕೂಡಬೇಡಿ, ಅಂಕಿಯನ್ನೇ ಹಾಕಿ: ಉತ್ತರ ಅಕ್ಷಾಂಶ ಸುಮಾರು 16 ಡಿಗ್ರಿ 30 ಮಿನಿಟು, ಪೂರ್ವ ರೇಖಾಂಶ 75 ಡಿಗ್ರಿ 18 ಮಿನಿಟು. ರಬಕವಿ-ಬನಹಟ್ಟಿ, ಬೀಳಗಿಯವರು ತಮ್ಮ ಊರಿನ ಅಂಕಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಲಿ. ನಮ್ಮ ಗಡಿಯಾರ ಗ್ರೀನ್‌ವಿಚ್‌ಗಿಂತ ಐದೂವರೆ ತಾಸು ಮುಂದು. ತಾರೀಖು ಮಾತ್ರ ಅಮೆರಿಕದ ರೀತಿ, ತಿಂಗಳು ಮೊದಲು. ಡಿಸೆಂಬರ್ 8 ಅನ್ನು ನಮ್ಮ ರೂಢಿಯಂತೆ 8-12 ಎಂದು ಹಾಕಿದರೆ ಯಂತ್ರ ಅದನ್ನು ಆಗಸ್ಟ್ 12 ಎಂದು ತಿಳಿದು ಆಕಾಶದ ತುಂಬ ದಿಕ್ಕುತಪ್ಪಿ ತಿರುಗುತ್ತದೆ. ಗುರಿ ನೋಡುವ ಸಣ್ಣ ಫೈಂಡರನ್ನು ಹಗಲಿನಲ್ಲೇ ದೂರದ ಸಕ್ಕರೆ ಕಾರ್ಖಾನೆಯ ಚಿಮಣಿಗೆ ಹೊಂದಿಸಿಕೊಳ್ಳಿ. ಸೂರ್ಯನ ಕಡೆ ಮಾತ್ರ ಎಂದೆಂದೂ ತಿರುಗಿಸಬೇಡಿ, ಕಣ್ಣು ಶಾಶ್ವತವಾಗಿ ಹೋದೀತು!

ಇನ್ನು ನಕ್ಷತ್ರ ತೋರಿಸುವ ಕೆಲಸ. ಹೆಸರು ಗೊತ್ತಿಲ್ಲದೆಯೂ ಹೊಳೆಯುವ ಮೂರು ಕಾಯಗಳನ್ನು ತೋರಿಸಿದರೆ ಸಾಕು ಎಂಬ ಉಪಾಯ ಅದರಲ್ಲಿದೆ. ಆದರೆ ಹೆಸರು ಬಲ್ಲವನಿಗೆ ಎರಡೇ ಸಾಕು, ಯಂತ್ರ ತಪ್ಪಿದಾಗ ಅದನ್ನು ಹಿಡಿಯುವವನೂ ಅವನೇ. ಪರದೆಯ ಮೇಲೆ ಆರ್ಕ್‌ಟ್ಯೂರಸ್ ಎಂದು ಬಂದರೆ ನಮ್ಮ ಹುಡುಗ ಕಣ್ಣುಕಣ್ಣು ಬಿಡುತ್ತಾನೆ. ಅದು ಸ್ವಾತಿ! ಸ್ಪೈಕಾ ಎಂದರೆ ಚಿತ್ತಾ, ಅಲ್ಡಿಬರಾನ್ ಎಂದರೆ ರೋಹಿಣಿ, ಬೀಟಲ್‌ಜ್ಯೂಸ್ ಎಂದರೆ ಆರ್ದ್ರಾ, ಆಂಟಾರಿಸ್ ಎಂದರೆ ಜ್ಯೇಷ್ಠಾ, ಸಿರಿಯಸ್ ಎಂದರೆ ಲುಬ್ಧಕ, ಕನೋಪಸ್ ಎಂದರೆ ಅಗಸ್ತ್ಯ. ಅಲ್ಡಿಬರಾನ್, ಬೀಟಲ್‌ಜ್ಯೂಸ್ ಇಂಗ್ಲಿಷೂ ಅಲ್ಲ, ಅರಬ್ಬಿಯಿಂದ ಬಂದ ಹೆಸರುಗಳು. ಎರವಲು ತಂದ ಹೆಸರು ಹೇಳಲು ಅವರಿಗೆ ನಾಚಿಕೆಯಿಲ್ಲ, ಮನೆಯಲ್ಲಿದ್ದ ಹೆಸರು ಹೇಳಲು ನಮಗೆ ನಾಚಿಕೆ! ಅಂತರರಾಷ್ಟ್ರೀಯ ಖಗೋಳ ಒಕ್ಕೂಟವೇ 2017ರಲ್ಲಿ ಭರಣಿ, ರೇವತಿ ಎಂಬ ಹೆಸರುಗಳನ್ನು ಅಧಿಕೃತ ಪಟ್ಟಿಗೆ ಸೇರಿಸಿಕೊಂಡಿದೆ.

ಮಿರಗ, ಆರಿದ್ರ, ಹುಬ್ಬಿ, ಉತ್ತರಿ ಎಂದು ಮಳೆ ಎಣಿಸುವ ರೈತನಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಆದರೆ ಒಂದು ಸೋಜಿಗ ಕೇಳಿ. ಜೂನ್ 22ರ ಸುಮಾರಿಗೆ ಆರಿದ್ರ ಮಳೆ ಕೂಡುತ್ತದೆ ಎಂದರೆ ಸೂರ್ಯ ಆಗ ಆ ನಕ್ಷತ್ರದ ದಿಕ್ಕಿನಲ್ಲಿದ್ದಾನೆ ಎಂದರ್ಥ. ಹೀಗಾಗಿ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ಹೊತ್ತಿಗೆ ಕಾಣುವುದೇ ಇಲ್ಲ! ಅದನ್ನು ರಾತ್ರಿಯಿಡೀ ನೋಡಬೇಕಾದರೆ ಡಿಸೆಂಬರಿಗೆ ಕಾಯಬೇಕು. ಭಾಸ್ಕರಾಚಾರ್ಯ ನಮ್ಮ ಬಿಜಾಪುರದವನೋ ಅಲ್ಲವೋ ಎಂದು ಜಗಳ ಆಡುವವರು ಬಹಳ ಮಂದಿ. ಕೈಯೆತ್ತಿ ಆರ್ದ್ರಾ ತೋರಿಸಿ ಎಂದರೆ ಒಬ್ಬರೂ ಇಲ್ಲ.

ನಮ್ಮ ಆಕಾಶ ಬಡವಾದದ್ದೇನಲ್ಲ. ಲಂಡನ್ನಿನವನಿಗೆ ಹುಟ್ಟಿದೂರಿನಿಂದ ಅಗಸ್ತ್ಯ ಎಂದೂ ಕಾಣದು. ನಮಗೆ ಫೆಬ್ರವರಿಯ ರಾತ್ರಿ ದಕ್ಷಿಣದಲ್ಲಿ 20 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕಾರ್ಖಾನೆಯ ದೀಪ, ಹೊಲದಲ್ಲಿ ರವದಿ ಸುಡುವ ಹೊಗೆ ಅಡ್ಡ ಬಂದರೆ ಬೀಳಗಿ ಕಡೆ ಕೃಷ್ಣೆಯ ಹಿನ್ನೀರಿನತ್ತ ಹೋಗಿ.

ಕೊಳ್ಳುವ ಮೊದಲು ಎರಡು ಮಾತು. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಬರೆದದ್ದಕ್ಕೆ ಮರುಳಾಗಬೇಡಿ. ಕನ್ನಡಿ ಎಷ್ಟು ಮಿಲಿಮೀಟರ್ ಇದೆಯೋ ಅದರ ಇಮ್ಮಡಿಯೇ ಉಪಯೋಗದ ಮಿತಿ: 130 ಮಿ.ಮೀ.ಗೆ 260. ಹೆಚ್ಚಿನ ರಾತ್ರಿ 70 ಪಟ್ಟು ಸಾಕು, ಶನಿಯ ಬಳೆ ಅದರಲ್ಲೇ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಆ ಬಳೆ ನಮ್ಮತ್ತ ಅಂಚು ತಿರುಗಿಸಿತ್ತು, ಅಲ್ಲಿಂದೀಚೆಗೆ ತೆರೆದುಕೊಳ್ಳುತ್ತಿದೆ. ಫೋಟೋದಲ್ಲಿ ನೋಡಿದ ಬಣ್ಣಗಳನ್ನು ಬಯಸಬೇಡಿ. ಓರಿಯನ್ ನೀಹಾರಿಕೆ ಕಣ್ಣಿಗೆ ಬೂದಿ ಬಣ್ಣದ ಮೋಡದ ತುಣುಕು. ಸೆಲ್ಲುಗಳು ಬೇಗ ತೀರುತ್ತವೆ, 12 ವೋಲ್ಟಿನ ಬ್ಯಾಟರಿಯ ಏರ್ಪಾಟು ಇರಲಿ. ಇಷ್ಟು ಹಣ ಇಲ್ಲದವರು 10x50 ಬೈನಾಕ್ಯುಲರ್ ಹಿಡಿದು ಜಿ.ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ'ಯನ್ನು ಗ್ರಂಥಾಲಯದಲ್ಲಿ ಹುಡುಕಿ ಓದಲಿ. ನನ್ನನ್ನು ಕೇಳಿದರೆ ಎಲ್ಲರೂ ಮೊದಲು ಇದನ್ನೇ ಮಾಡಬೇಕು.

ಮೊಬೈಲಿನಲ್ಲಿ ಕನ್ನಡಕ್ಕಾಗಿ ಹಗಲಿರುಳು ಗುಡುಗುವ ತರುಣರಿಗೆ ಒಂದು ಕೆಲಸ ಇದೆ. ಕಂಪ್ಯೂಟರಿನಲ್ಲಿ ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶವನ್ನು ಆಯಾ ಭಾಷೆಗೆ ಅನುವಾದಿಸುವವರು ಸ್ವಯಂಸೇವಕರೇ. ಯಾರ ಅಪ್ಪಣೆಯೂ ಬೇಡ, ಧರಣಿಯೂ ಬೇಡ. ಕೂತು ತಿದ್ದಿರಿ.

ನನ್ನ ಪಾಲಿನ ಕೆಲಸವೂ ಇದೆ. ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಕಾಗದದಲ್ಲಿ ಅಂಗೈಯಗಲದ ಕಾರ್ಡು ಮುದ್ರಿಸುತ್ತಿದ್ದೇನೆ. ಒಂದು ಕಡೆ ಯಂತ್ರದ ಹೆಸರು, ಎದುರಿಗೆ ನಮ್ಮ ಹೆಸರು, ಹಿಂದೆ ಮಳೆ ನಕ್ಷತ್ರಗಳು ರಾತ್ರಿ ಕಾಣುವ ತಿಂಗಳು. ನಾಲ್ಕೂ ತಾಲೂಕಿನ ಕನ್ನಡ ಶಾಲೆಯ ಮಾಸ್ತರರು ಕೇಳಿದರೆ ಪುಕ್ಕಟೆ ಕೊಡುತ್ತೇನೆ.